ದವಡೆ ತಿದ್ದುವ ಶಸ್ತ್ರಚಿಕಿತ್ಸೆಯ ಡಿಜಿಟಲ್ ಯೋಜನೆ: ಏಕರೂಪತೆ ಎಲ್ಲಿ ಬೇಕು, ಎಲ್ಲಿ ಬೇಡ

ಕೆಳದವಡೆಯನ್ನು ಎರಡೂ ಕಡೆ ಉದ್ದುದ್ದ ಸೀಳಿ ಸರಿಸುವ ವಿಧಾನವನ್ನು ಟ್ರೌನರ್ ಮತ್ತು ಓಬ್ವೆಗೇಸರ್ 1957ರಲ್ಲಿ ಪ್ರಕಟಿಸಿದರು. 1970ರ ಹೊತ್ತಿಗೆ ಓಬ್ವೆಗೇಸರ್ ಎರಡೂ ದವಡೆಗಳನ್ನು ಒಂದೇ ಸಲಕ್ಕೆ ಸರಿಪಡಿಸಿ ತೋರಿಸಿದರು. ಶಸ್ತ್ರಕೌಶಲ ಇಷ್ಟು ಮುಂದೆ ಹೋದರೂ ಯೋಜನೆ ಮಾತ್ರ ಬಹುಕಾಲ ಪಕ್ಕನೋಟದ ಎಕ್ಸ್‌ರೇ, ಪ್ಲಾಸ್ಟರ್ ಅಚ್ಚು ಮತ್ತು ದವಡೆಯ ಸ್ಥಾನವನ್ನು ಅಚ್ಚಿಗೆ ದಾಟಿಸುವ ಫೇಸ್‌ಬೋಗಳನ್ನೇ ನೆಚ್ಚಿತ್ತು. ದವಡೆ ಎಡಕ್ಕೋ ಬಲಕ್ಕೋ ತಿರುಚಿಕೊಂಡಿದ್ದರೆ ಪಕ್ಕನೋಟದ ಚಿತ್ರ ಅದನ್ನು ಸರಿಯಾಗಿ ತೋರಿಸದು. ಮೂರು ಆಯಾಮಗಳ ಡಿಜಿಟಲ್ ಯೋಜನೆ ಆ ಕೊರತೆಯನ್ನು ತುಂಬಿತು. ಆದರೆ ಅದರಿಂದ ತಪ್ಪು ಅಳಿಯಲಿಲ್ಲ, ಜಾಗ ಬದಲಿಸಿತು. ಅಚ್ಚನ್ನು ಕೊಯ್ದು ಜೋಡಿಸುವ ಕೈಯಲ್ಲಿದ್ದ ತಪ್ಪು ಈಗ ಒಂದು ಹಂತದ ಮಾಹಿತಿ ಇನ್ನೊಂದಕ್ಕೆ ದಾಟುವ ಸಂಧಿಗಳಲ್ಲಿ ಅಡಗಿದೆ. ಆದ್ದರಿಂದ ಏಕರೂಪತೆ ಮೊದಲು ಬರಬೇಕಾದದ್ದು ಈ ಸಂಧಿಗಳಿಗೆ ಎಂಬುದು ಈ ಲೇಖನದ ವಾದ.

ಹಲ್ಲಿಗೆ ಅಂಟಿಸಿದ ಲೋಹದ ಬ್ರಾಕೆಟ್‌ಗಳಿಂದಾಗಿ ಕೋನ್ ಬೀಮ್ ಸಿ.ಟಿ. ಚಿತ್ರದಲ್ಲಿ ಹಲ್ಲಿನ ಮೇಲ್ಮೈ ಕಲಸಿಹೋಗುತ್ತದೆ. ಹಾಗಾಗಿ ಬಾಯೊಳಗಿನ ಸ್ಕ್ಯಾನನ್ನು ಅದರ ಮೇಲೆ ಕೂರಿಸಬೇಕಾಗುತ್ತದೆ. ಈ ಜೋಡಣೆ ಕೊಂಚ ವಾಲಿದರೂ ಮುಂದಿನ ಪ್ರತಿ ಅಳತೆಯೂ ವಾಲುತ್ತದೆ. ಚಿತ್ರ ತೆಗೆಯುವಾಗ ಕೆಳದವಡೆಯ ಕೀಲು ತನ್ನ ಗುಳಿಯಲ್ಲಿ ಸರಿಯಾಗಿ ಕೂತಿರದಿದ್ದರೆ, ಮೇಲ್ದವಡೆಯನ್ನು ಮೊದಲು ಸರಿಸುವ ಕ್ರಮದಲ್ಲಿ ಆ ದೋಷ ಮಧ್ಯಂತರ ಸ್ಪ್ಲಿಂಟಿನ (ಸರಿಸಿದ ದವಡೆಯನ್ನು ಇನ್ನೂ ಸರಿಸದ ದವಡೆಗೆ ಹೊಂದಿಸಿ ಹಿಡಿಯುವ ಹಲ್ಲಚ್ಚಿನ) ಮೂಲಕ ನೇರವಾಗಿ ಮೇಲ್ದವಡೆಯನ್ನು ತಲುಪುತ್ತದೆ. ತಲೆಯ ಸಹಜ ನಿಲುವನ್ನು ದಾಖಲಿಸದಿದ್ದರೆ ಗಲ್ಲ ಎಷ್ಟು ಮುಂದಿದೆ ಎಂಬ ನಿರ್ಣಯವೇ ಸಡಿಲಾಗುತ್ತದೆ. ತಪ್ಪು ಯೋಜನೆಯ ಸ್ಪ್ಲಿಂಟನ್ನೂ ಮೂರು ಆಯಾಮದ ಮುದ್ರಣಯಂತ್ರ ಅಷ್ಟೇ ನಿಖರವಾಗಿ ಮುದ್ರಿಸಿಕೊಡುತ್ತದೆ. ಪರದೆಯ ಮೇಲಿನ ಅಚ್ಚುಕಟ್ಟು ಚಿತ್ರವನ್ನು ನಂಬುವ ಅಪಾಯ ಇರುವುದು ಇಲ್ಲಿಯೇ.

ಹ್ಯೂಸ್ಟನ್‌ನ ಶಿಯಾ, ಗಟೆನೊ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಕ್ರಮಸೂಚಿ ಯೋಜನೆಯನ್ನು ಹಂತಹಂತವಾಗಿ ಬಿಡಿಸಿಟ್ಟಿತು. ಇಂಥ ಕ್ರಮಕ್ಕೆ ಪ್ರತಿ ಹಂತದಲ್ಲೂ ಒಂದು ತಡೆಗಂಬ ಬೇಕು. ಜೋಡಣೆಯನ್ನು ಎರಡನೆಯವರು ಪರೀಕ್ಷಿಸಬೇಕು. ಕೀಲಿನ ಸ್ಥಾನವನ್ನು ರೋಗಿಯ ಬಾಯಲ್ಲಿ ತಾಳೆ ನೋಡಬೇಕು. ಅಂತಿಮ ಯೋಜನೆಗೆ ಶಸ್ತ್ರವೈದ್ಯರೂ ದಂತಜೋಡಣಾ ತಜ್ಞರೂ ಸಹಿ ಹಾಕಬೇಕು. ಫಲಿತಾಂಶವನ್ನು ಅಳೆಯುವ ಬಗೆಗೂ ಇದೇ ಶಿಸ್ತು ಅಗತ್ಯ. ಯೋಜನೆಗೂ ಫಲಕ್ಕೂ 2 ಮಿಲಿಮೀಟರ್ ಮತ್ತು 4 ಡಿಗ್ರಿಯೊಳಗಿನ ಅಂತರವನ್ನು ಒಪ್ಪುವುದು ವಾಡಿಕೆ. ಆದರೆ ಎಲ್ಲ ದಿಕ್ಕುಗಳ ಅಂತರವನ್ನು ಒಂದೇ ಸರಾಸರಿಯಲ್ಲಿ ಮುಳುಗಿಸಿದರೆ ದೋಷ ಕಾಣದು. ಹಲ್ಲಿನ ಮೇಲೆ ಕೂರುವ ಸ್ಪ್ಲಿಂಟ್ ಮೇಲ್ದವಡೆಯ ಎತ್ತರವನ್ನು ತಾನಾಗಿ ನಿರ್ಧರಿಸದು. ಆದ್ದರಿಂದ ಎತ್ತರ, ಅಡ್ಡ, ಹಿಂದುಮುಂದು ಮತ್ತು ಮೂರೂ ತಿರುವುಗಳನ್ನು ಬೇರೆಬೇರೆಯಾಗಿಯೇ ವರದಿ ಮಾಡಬೇಕು.

ಪ್ರತಿ ಮುಖವೂ ಬೇರೆ, ಅದನ್ನು ಅಚ್ಚಿಗೆ ಹಾಕಬಾರದು ಎಂಬ ಆಕ್ಷೇಪಕ್ಕೆ ತೂಕವಿದೆ. ಒಂದು ಜನಸಮುದಾಯದಲ್ಲಿ ಅಳೆದ ಮುಖದ ಮಾನಗಳನ್ನು ಇನ್ನೊಂದರ ಮೇಲೆ ಹೇರಿದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಆದರೆ ಇಲ್ಲಿ ಕೇಳುತ್ತಿರುವುದು ದಾಖಲೆಯ ಏಕರೂಪತೆಯನ್ನು, ಮುಖದ ಏಕರೂಪತೆಯನ್ನಲ್ಲ. ದುಬಾರಿ ತಂತ್ರಾಂಶವಿಲ್ಲದ ಆಸ್ಪತ್ರೆಗೆ ಇದು ಹೊರೆಯಾಗದೇ ಎಂಬುದು ಇನ್ನೊಂದು ಪ್ರಶ್ನೆ. ತಡೆಗಂಬಗಳಲ್ಲಿ ಹೆಚ್ಚಿನವು ಬೇಡುವುದು ಯಂತ್ರವನ್ನಲ್ಲ, ಎಚ್ಚರವನ್ನು. ಅವು ಪ್ಲಾಸ್ಟರ್ ಅಚ್ಚಿನ ಕೆಲಸಕ್ಕೂ ಸಲ್ಲುತ್ತವೆ. ಯಾವ ಮುಖಕ್ಕೆ ಎಷ್ಟು ಸರಿಸಬೇಕೆಂಬ ನಿರ್ಧಾರ ವೈದ್ಯರ ವಿವೇಕಕ್ಕೂ ರೋಗಿಯ ಇಚ್ಛೆಗೂ ಸೇರಿದ್ದು. ಆ ನಿರ್ಧಾರ ಮೂಳೆಯವರೆಗೆ ಕೆಡದೆ ತಲುಪಿತೇ ಎಂದು ಯಾರು ಬೇಕಾದರೂ ಪರೀಕ್ಷಿಸುವಂತಿರಬೇಕು. ಕ್ರಮದ ಕೆಲಸ ಅಷ್ಟೇ, ಮತ್ತು ಅಷ್ಟನ್ನಾದರೂ ನಾವು ರೋಗಿಗೆ ಸಲ್ಲಿಸಲೇಬೇಕು.