ಕಿವಿಮಾತಿನಿಂದ ಪುಸ್ತಕಕ್ಕೆ: ಇಂಚಗೇರಿ ಪರಂಪರೆಯ ಬರಹ ಬೆಳೆದ ಬಗೆ

ಕಬನೂರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಕನ್ನಡ ಮನೆಗಳಲ್ಲಿ ಕಣೇರಿ ಮಠದ ಹೆಸರು ಕೇಳದವರು ಸಿಗುವುದು ಅಪರೂಪ. ಕೊಲ್ಹಾಪುರದ ದಕ್ಷಿಣಕ್ಕೆ, ಪುಣೆ–ಬೆಂಗಳೂರು ಹೆದ್ದಾರಿಯಿಂದ ತುಸು ಒಳಗೆ ಇರುವ ಈ ಸಿದ್ಧಗಿರಿ ಮಠಕ್ಕೆ ಈಗ ಬಹಳ ಜನ ಹೋಗುವುದು ಅಲ್ಲಿನ ಗ್ರಾಮಜೀವನ ವಸ್ತುಸಂಗ್ರಹಾಲಯ ನೋಡಲು. ಬಂಡಿ, ಬಾವಿ, ಬಡಿಗನ ಅಂಗಳದ ಗೊಂಬೆಗಳನ್ನು ಮಕ್ಕಳಿಗೆ ತೋರಿಸಿ ಮರಳುತ್ತಾರೆ. ಆ ಮಠವನ್ನು ಒಳಗೊಂಡ ಇಂಚಗೇರಿ ಅನುಭಾವ ಪರಂಪರೆ ನೂರೈವತ್ತು ವರ್ಷಗಳಿಂದ ಏನೇನು ಬರೆಯಿತು, ಏನನ್ನು ಬರೆಯದೆ ಉಳಿಸಿತು ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚು ಚರ್ಚೆಗೆ ಬಂದಿಲ್ಲ.

ಪರಂಪರೆಯ ಗುರುಪಟ್ಟಿಯಲ್ಲಿ ನವನಾಥರಲ್ಲೊಬ್ಬರಾದ ರೇವಣನಾಥರು ಬರುತ್ತಾರೆ, ಕಾಡಸಿದ್ಧರು ಬರುತ್ತಾರೆ, ಆಮೇಲೆ ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು. ಹಿಂದಿನವರದು ನಂಬಿಕೆಯ ಮಾತು. ಬರಹದ ಇತಿಹಾಸ ಆರಂಭವಾಗುವುದು ನಿಂಬರಗಿಯಲ್ಲಿ. ಹದಿನೆಂಟನೆಯ ಶತಮಾನದ ಕೊನೆಗೆ ಹುಟ್ಟಿದ ಈ ಲಿಂಗಾಯತ ಗೃಹಸ್ಥರು ಸಂಸಾರ ಬಿಡಲಿಲ್ಲ. ಬಂದವರಿಗೆ ಕನ್ನಡದಲ್ಲಿ ಬೋಧಿಸಿದರು. ಆ ಮಾತುಗಳೇ ಮುಂದೆ ‘ಬೋಧಸುಧೆ’ಯಾಗಿ ಸಂಗ್ರಹವಾದವು. ಜಪಿಸಬೇಕಾದ ನಾಮವನ್ನು ಮಾತ್ರ ಗುರು ಶಿಷ್ಯನ ಕಿವಿಯಲ್ಲಿ ಹೇಳಬೇಕು, ಶಿಷ್ಯ ಅದನ್ನು ಹೊರಗೆ ಆಡಬಾರದು. ಈ ಕಟ್ಟು ಇಡೀ ಪರಂಪರೆಯ ಬರಹದ ಮೇಲೆ ಇಂದಿಗೂ ಇದೆ.

ಅವರ ಶಿಷ್ಯ ಭಾವೂಸಾಹೇಬ ಮಹಾರಾಜರು, ಅಂದರೆ ವೆಂಕಟೇಶ ಖಂಡೇರಾವ ದೇಶಪಾಂಡೆ. 1843ರಲ್ಲಿ ಹುಟ್ಟಿದ್ದು ಇಂದಿನ ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಉಮದಿಯಲ್ಲಿ. 1914ರಲ್ಲಿ ದೇಹ ಬಿಟ್ಟಿದ್ದು ವಿಜಯಪುರ ಸೀಮೆಯ ಇಂಚಗೇರಿಯಲ್ಲಿ. ದೇಶಸ್ಥ ಬ್ರಾಹ್ಮಣ ಮನೆತನದವರು ಲಿಂಗಾಯತ ಗುರುವಿನ ಮುಂದೆ ತಲೆಬಾಗಿ ಉಪದೇಶ ಪಡೆದರೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಭಾವೂಸಾಹೇಬರು ಗ್ರಂಥಕಾರರಲ್ಲ, ಶಿಷ್ಯರಿಗೆ ಪತ್ರ ಬರೆದವರು. ಅವರ ಬೋಧೆಯನ್ನು ಶಿಷ್ಯರು ‘ನಾಮಯೋಗ’ ಎಂಬ ಪುಸ್ತಕವಾಗಿ ಕಟ್ಟಿಕೊಟ್ಟರು. ಅದರ ತಿರುಳು ಇಷ್ಟೇ: ಉಸಿರಿನ ಜೊತೆ ನಾಮ ನಡೆಯಬೇಕು, ನೇಮ ತಪ್ಪದೆ ಕೂರಬೇಕು, ಹೊಲಮನೆಯ ಕೆಲಸ ಅದಕ್ಕೆ ನೆಪವಾಗಬಾರದು. ತತ್ವಚರ್ಚೆಗೆ ಇಲ್ಲಿ ಹೆಚ್ಚಿನ ಜಾಗವಿಲ್ಲ. ಇಡೀ ಪರಂಪರೆಯ ಬರಹದಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಈ ಘಟ್ಟವೇ. ಕೂತು ಮಾಡುವವರಿಗೆಂದೇ ಬಂದ ಮಾತು ಅದು, ಮೆಚ್ಚಿಸಲು ಹೊರಟದ್ದಲ್ಲ.

ಭಾವೂಸಾಹೇಬರ ನಂತರ ದಾರಿ ಕವಲೊಡೆಯಿತು. ಜಿಗಜೀವಣಿಯ ಅಂಬೂರಾವ ಮಹಾರಾಜರು, ಜತ್ತದ ಶಿವಲಿಂಗವ್ವ ನಾಮಸಾಧನೆಯಲ್ಲೇ ನಿಂತರು. ಇಂಚಗೇರಿ ಮಠದ ಮಾಧವಾನಂದ ಪ್ರಭುಗಳು ಮುಂದೆ ಸ್ವಾತಂತ್ರ್ಯ ಹೋರಾಟಕ್ಕೂ ಅಂತರ್ಜಾತಿ ವಿವಾಹಗಳಿಗೂ ಅದೇ ಶಕ್ತಿಯನ್ನು ತಿರುಗಿಸಿದರು. ಬರಹದ ಮಟ್ಟಿಗೆ ಮುಖ್ಯರಾದವರು ಇಬ್ಬರು.

ಒಬ್ಬರು ಗುರುದೇವ ರಾನಡೆ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರಿಗೆ ಶಾಲೆಯ ದಿನಗಳಲ್ಲೇ, 1901ರಲ್ಲಿ, ಭಾವೂಸಾಹೇಬರಿಂದ ಉಪದೇಶವಾಯಿತು. ಪುಣೆಯ ಫರ್ಗ್ಯುಸನ್, ಸಾಂಗ್ಲಿಯ ವಿಲಿಂಗ್ಡನ್ ಕಾಲೇಜುಗಳಲ್ಲಿ ಪಾಠ ಹೇಳಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರೂ ಕುಲಪತಿಗಳೂ ಆದರು. ಉಪನಿಷತ್ತುಗಳ ತತ್ವಶಾಸ್ತ್ರವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1926ರಲ್ಲಿ ಬಂತು. ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತದ್ದು 1933ರಲ್ಲಿ. ಜ್ಞಾನೇಶ್ವರರಿಂದ ರಾಮದಾಸರವರೆಗಿನ ಸಂತರನ್ನು ಅವರು ಓದಿದ್ದು ಸಾಧಕನ ಕಣ್ಣಿನಿಂದ. ಕಂಡ ಬೆಳಕು, ಕೇಳಿದ ನಾದ ಇವನ್ನೆಲ್ಲ ಕವಿಕಲ್ಪನೆ ಎಂದು ಬದಿಗೆ ಸರಿಸದೆ ಸಾಕ್ಷ್ಯವೆಂದು ಹಿಡಿದು, ಒಬ್ಬ ಸಂತನ ಮಾತನ್ನು ಇನ್ನೊಬ್ಬನ ಮಾತಿನ ಪಕ್ಕಕ್ಕಿಟ್ಟು ತೂಗಿದರು. ಗುರು ಕೊಟ್ಟ ನಾಮವನ್ನು ಎಲ್ಲೂ ಬಿಚ್ಚಲಿಲ್ಲ. ಆದರೆ ನಾಮ ಏನು ಮಾಡುತ್ತದೆ ಎಂಬುದನ್ನು ಜಗತ್ತಿನ ಪಂಡಿತರ ಮುಂದೆ ವಾದಿಸಬಹುದಾದ ವಿಷಯವನ್ನಾಗಿ ಮಾಡಿದರು. ಶರಣರು, ಹರಿದಾಸರನ್ನು ಕುರಿತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳು, 1957ರಲ್ಲಿ ಅವರು ನಿಂಬಾಳದಲ್ಲಿ ತೀರಿಕೊಂಡ ಮೇಲೆ ಪುಸ್ತಕವಾದವು. ಕನ್ನಡ ಅನುಭಾವ ಸಾಹಿತ್ಯದ ಮೇಲಿನ ಇಷ್ಟು ದೊಡ್ಡ ಕೆಲಸ ಇಂಗ್ಲಿಷಿನಲ್ಲಿ ಇರುವುದು ನಮಗೆ ಚುಚ್ಚಬೇಕಾದ ಸಂಗತಿ.

ಇನ್ನೊಬ್ಬರು ಸಿದ್ಧರಾಮೇಶ್ವರ ಮಹಾರಾಜರು (1888–1936). ಸೊಲ್ಲಾಪುರ ಜಿಲ್ಲೆಯ ಪಾಥರಿಯವರು; ವಿಜಯಪುರದ ಮಾರವಾಡಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ ಭಾವೂಸಾಹೇಬರ ಶಿಷ್ಯರಾದರು. ಗುರು ಹೋದ ಮೇಲೆ ಇವರು ಪರಂಪರೆಯೊಳಗೇ ಒಂದು ದೊಡ್ಡ ಪ್ರಶ್ನೆ ಎತ್ತಿದರು. ಗುರುವಿನದು ಪಿಪೀಲಿಕಾ ಮಾರ್ಗ: ಇರುವೆ ಬುಡದಿಂದ ಹತ್ತಿ ಹಣ್ಣು ಮುಟ್ಟುವಂತೆ, ಧ್ಯಾನದ ಮೂಲಕ ನಿಧಾನಕ್ಕೆ ಏರುವುದು. ಹಕ್ಕಿ ನೇರವಾಗಿ ಹಾರಿ ಹಣ್ಣಿಗೇ ಬರುತ್ತದಲ್ಲ, ಆ ವಿಹಂಗಮ ಮಾರ್ಗ ಸಾಧ್ಯವಿಲ್ಲವೇ? ವಿಚಾರದಿಂದ ಸಾಧ್ಯ ಎಂದು ಅವರು ಉತ್ತರಿಸಿದರು. ಸ್ಥೂಲ, ಸೂಕ್ಷ್ಮ, ಕಾರಣ, ಮಹಾಕಾರಣ ಎಂಬ ನಾಲ್ಕು ದೇಹಗಳನ್ನು ಒಂದೊಂದಾಗಿ ಪರೀಕ್ಷಿಸಿ, ಇದು ನಾನಲ್ಲ ಎಂದು ದಾಟುವ ಕ್ರಮವನ್ನು ಬಿಡಿಸಿ ಹೇಳಿದರು. ರಾಮದಾಸರ ದಾಸಬೋಧದ ಮೇಲೆ ಮರಾಠಿಯಲ್ಲಿ ಕೊಟ್ಟ ಪ್ರವಚನಗಳನ್ನು ಶಿಷ್ಯರು ಬರೆದುಕೊಂಡರು. ಹಾಗೆ ಬರೆದುಕೊಂಡವರಲ್ಲಿ ಮುಂಬಯಿಯ ಮಾರುತಿ ಕಾಂಬ್ಳಿ ಒಬ್ಬರು.

ಅವರೇ ನಿಸರ್ಗದತ್ತ ಮಹಾರಾಜರು (1897–1981). ಅವರು ಮರಾಠಿಯಲ್ಲಿ ಆಡಿದ ಸಂವಾದಗಳನ್ನು ಇಂಗ್ಲಿಷಿಗೆ ತಂದವರು ಮಾರಿಸ್ ಫ್ರೀಡ್‌ಮನ್. ಒಂದು ಕಾಲಕ್ಕೆ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆ ನಡೆಸಿದ ಪೋಲೆಂಡಿನ ಎಂಜಿನಿಯರ್. 1973ರಲ್ಲಿ ‘ಐ ಆ್ಯಮ್ ದ್ಯಾಟ್’ ಪ್ರಕಟವಾದಾಗ ಉಪದೇಶ ಪಡೆಯದವರೂ ಯಾವ ದೇಶದಲ್ಲಾದರೂ ಕೂತು ಓದಬಹುದಾಯಿತು. ಪರಂಪರೆಗೆ ಇದು ದೊಡ್ಡ ಲಾಭ. ಆದರೆ ಅಷ್ಟನ್ನೇ ಓದಿದವರಿಗೆ ಭಾವೂಸಾಹೇಬರ ಕಠಿಣ ನೇಮ ಕಣ್ಣಿಗೇ ಬೀಳುವುದಿಲ್ಲ. ಸಿದ್ಧರಾಮೇಶ್ವರರು ವಿಹಂಗಮ ಮಾರ್ಗಕ್ಕೆ ಬಂದದ್ದು ವರ್ಷಗಟ್ಟಲೆ ಧ್ಯಾನ ಮಾಡಿದ ಮೇಲೆ ಎಂಬುದನ್ನು ಮರೆತರೆ, ವಿಚಾರ ಬರೀ ಜಾಣಮಾತಾಗುತ್ತದೆ.

ಕಣೇರಿಯ ಮುಪ್ಪಿನ ಕಾಡಸಿದ್ಧೇಶ್ವರರು (1905–2001) ಇದೇ ಸಿದ್ಧರಾಮೇಶ್ವರರ ಶಿಷ್ಯರಾದದ್ದು 1930ರ ದಶಕದಲ್ಲಿ. ಹಳೆಯ ಲಿಂಗಾಯತ ಪೀಠದ ಒಡೆಯರು, ಹಿಂದೆ ಲೆಕ್ಕ ಬರೆಯುತ್ತಿದ್ದ ಒಬ್ಬ ಗೃಹಸ್ಥರಿಂದ ಬೋಧೆ ಪಡೆದರು. ಗುರುಪಟ್ಟಿಯಲ್ಲಿ ಕಾಡಸಿದ್ಧರಿಂದ ಹೊರಟ ಎಳೆ ಹೀಗೆ ಅವರ ಪೀಠಕ್ಕೇ ಮರಳಿತು. ಮುಂದಿನ ಆರು ದಶಕ ಅವರು ನೀಡಿದ ಪ್ರವಚನಗಳೇ ಈ ಭಾಗದ ಎಷ್ಟೋ ಮನೆಗಳಿಗೆ ವೇದಾಂತದ ಮೊದಲ ಪಾಠ.

ಗಡಿಯ ಈಚೆಯ ಕನ್ನಡ ಶಾಲೆ, ವಾಚನಾಲಯ ನಡೆಸುವವರಲ್ಲಿ ನನ್ನದೊಂದು ಕೇಳಿಕೆ. ನಿಸರ್ಗದತ್ತರ ಪುಸ್ತಕ ತರಿಸುವಾಗ ‘ಬೋಧಸುಧೆ’ಯನ್ನೂ ‘ನಾಮಯೋಗ’ವನ್ನೂ ಜೊತೆಗೆ ತರಿಸಿ. ಮನೆಯಲ್ಲಿ ಹಿರಿಯರು ಪ್ರವಚನ ಕೇಳಿ ಬರೆದಿಟ್ಟ ವಹಿಗಳಿದ್ದರೆ ರದ್ದಿಗೆ ಹಾಕಬೇಡಿ, ವಾಚನಾಲಯಕ್ಕೆ ಕೊಡಿ.