ಕಾವೇರಿಯನ್ನೇ ನೋಡದವ ಬರೆದ ಕಾವೇರಿ

1
ಗೋಕಾಕ, ಮೂಡಲಗಿ, ಹುಕ್ಕೇರಿ ದೋಸ್ತರೇ, ಮಳೆಗಾಲ ಬಂತು ಅಂದ್ರ ನಮ್ಮೆಲ್ಲರ ಪ್ರೊಫೈಲ್‌ನಲ್ಲಿ ಒಂದೇ ಫೋಟೋ. ಘಟಪ್ರಭೆ ಕೆಂಪಗಾಗಿ ಧುಮುಕ್ತಿರಬೇಕು, ಹಿಂದೆ ತೂಗುಸೇತುವೆ, ಮುಂದೆ ನಾವು. ಆಮೇಲೆ ಕಾಮೆಂಟ್‌ನಲ್ಲಿ ಜಗಳ: ಫೋಟೋ ತೆಗೆದವರು ಯಾರು, ಯಾರ ಪೇಜಿನಿಂದ ಎತ್ತಿದ್ದು, ಹೆಸರು ಯಾಕ ಹಾಕಿಲ್ಲ. ಈ ಸಲ ಅಂಥದೇ ಪ್ರಶ್ನೆ ಕೇಳುವ ಒಂದು ಹಾಳೆಯ ಕಥೆ ಹೇಳ್ತೀನಿ. ವಯಸ್ಸು ಇನ್ನೂರು ದಾಟಿದೆ. ಇರೋದು ಲಂಡನ್ನಿನಲ್ಲಿ. ಅದರೊಳಗೆ ಇರೋದು ನಮ್ಮ ಶ್ರೀರಂಗಪಟ್ಟಣ.

ಬರೆದವನು ಜೆ.ಎಂ.ಡಬ್ಲ್ಯೂ. ಟರ್ನರ್. ಬೆಳಕು, ಮಂಜು, ಸಮುದ್ರ ಬರೆಯೋದರಲ್ಲಿ ಜಗತ್ತೇ ಮೆಚ್ಚಿದ ಇಂಗ್ಲಿಷ್ ಚಿತ್ರಕಾರ. ಚಿತ್ರದ ಹೆಸರು ‘ಶ್ರೀರಂಗಪಟ್ಟಣದ ಮುತ್ತಿಗೆ’, ಕಾಲ ಸುಮಾರು 1800. ಆಗ ಟರ್ನರ್‌ಗೆ ಇಪ್ಪತ್ತೈದರ ಆಜುಬಾಜು. ಅಗಲ ಸುಮಾರು 65 ಸೆಂಟಿಮೀಟರ್, ಎತ್ತರ 42. ಪೆನ್ಸಿಲ್ ಗೆರೆಯ ಮೇಲೆ ಜಲವರ್ಣ. ಆ ಕಾಲದಲ್ಲಿ ಕಾಗದದ ಮೇಲಿನ ಇಂಥ ಬಣ್ಣದ ಕೆಲಸಕ್ಕೂ ‘ಡ್ರಾಯಿಂಗ್’ ಅಂತಲೇ ಅನ್ನುತ್ತಿದ್ದರು.

ಮಜಾ ಏನಂದ್ರ, ಟರ್ನರ್ ಜೀವಮಾನದಲ್ಲಿ ಒಮ್ಮೆಯೂ ಭಾರತಕ್ಕೆ ಬಂದವನಲ್ಲ.

2
ಹಾಗಾದ್ರ ಬರೆದದ್ದು ಹ್ಯಾಂಗ? ಅವನ ಹುಡುಗಾಟದ ದಿನಗಳಿಗೆ ಹೋಗೋಣ ಬರ್ರಿ.

ಅಪ್ಪ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಕ್ಷೌರಿಕ. ಮಗನ ಚಿತ್ರಗಳನ್ನ ಅಂಗಡಿಯಲ್ಲೇ ತೂಗುಹಾಕಿ ಒಂದು ಶಿಲಿಂಗ್, ಎರಡು ಶಿಲಿಂಗಿಗೆ ಮಾರುತ್ತಿದ್ದ. 1790ರ ದಶಕದಲ್ಲಿ ಡಾಕ್ಟರ್ ಮನ್ರೋ ಅನ್ನೋ ವೈದ್ಯ ತನ್ನ ಮನೆಗೆ ಸಂಜೆ ಹೊತ್ತು ಹುಡುಗರನ್ನ ಕರೆಸಿ ಬೇರೆಯವರ ಚಿತ್ರಗಳ ನಕಲು ಮಾಡಿಸುತ್ತಿದ್ದ. ಗೆಳೆಯ ಗರ್ಟಿನ್ ಗೆರೆ ಎಳೆಯೋದು, ಟರ್ನರ್ ಅದಕ್ಕೆ ಬಣ್ಣದ ನೀರು ಬಿಟ್ಟು ಬೆಳಕು-ನೆರಳು ತರೋದು. ಒಂದು ರಾತ್ರಿಗೆ ಮೂರೂವರೆ ಶಿಲಿಂಗ್ ಕೂಲಿ. ಕೋಜೆನ್ಸ್ ಅನ್ನೋ ಕಲಾವಿದ ಇಟಲಿ, ಸ್ವಿಟ್ಜರ್ಲೆಂಡ್ ತಿರುಗಿ ಬರೆದು ತಂದ ಬೆಟ್ಟಗಳನ್ನ ಇವರು ಲಂಡನ್ನಿನಲ್ಲಿ ಕೂತು ಮತ್ತೆ ಬರೆದರು. ಕಾಣದ ಊರನ್ನ ಕಂಡವನಂತೆ ಬರೆಯೋದಕ್ಕೆ ಅವನ ಕೈ ಪಳಗಿದ್ದು ಹೀಗೆ.

ಶ್ರೀರಂಗಪಟ್ಟಣವೂ ಅದೇ ದಾರಿಯಲ್ಲಿ ಅವನ ಮೇಜಿಗೆ ಬಂತು: ಇಲ್ಲಿಗೆ ಬಂದು ನೋಡಿದವರ ರೇಖಾಚಿತ್ರಗಳ ಮೂಲಕ. ಇದು ಅವನ ಕೊನೆಯ ಭಾರತವೂ ಅಲ್ಲ. 1830ರ ದಶಕದಲ್ಲಿ ವೈಟ್ ಅನ್ನೋ ಲೆಫ್ಟಿನೆಂಟ್ ಬರೆದು ತಂದ ಹಿಮಾಲಯವನ್ನೂ ಹೀಗೇ ಕೂತಲ್ಲೇ ಬರೆದುಕೊಟ್ಟ.

3
ಸೈನಿಕರು ಯಾಕ ಚಿತ್ರ ಬರೀತಿದ್ರು ಅಂತೀರಾ? ಕ್ಯಾಮೆರಾ ಇಲ್ಲದ ಕಾಲ. ಬೆಟ್ಟ ಎಷ್ಟು ಎತ್ತರ, ಗೋಡೆ ಎಲ್ಲಿ ತಗ್ಗು, ಹೊಳೆ ಎಲ್ಲಿ ದಾಟಬಹುದು ಅನ್ನೋದನ್ನ ಅಧಿಕಾರಿಗಳು ಕೈಯಾರೆ ಬರೆದು ತೋರಿಸಬೇಕಿತ್ತು. ವೂಲ್ವಿಚ್‌ನ ಮಿಲಿಟರಿ ಶಾಲೆಯಲ್ಲಿ ಪಾಲ್ ಸ್ಯಾಂಡ್ಬಿ ಅನ್ನೋ ನಾಮಾಂಕಿತ ಕಲಾವಿದನೇ 1768ರಿಂದ 1796ರ ತನಕ ಡ್ರಾಯಿಂಗ್ ಮಾಸ್ತರ. ನಾವು ‘ಸುಂದರ ನಿಸರ್ಗ ಚಿತ್ರ’ ಅಂತ ಗೋಡೆಗೆ ಹಾಕೋ ಎಷ್ಟೋ ಹಳೆಯ ಚಿತ್ರಗಳು ಹುಟ್ಟಿದ್ದು ಇಂಥ ಲೆಕ್ಕಾಚಾರದ ಕಣ್ಣಿನಿಂದ.

ಶ್ರೀರಂಗಪಟ್ಟಣದಲ್ಲಿ ಆ ಲೆಕ್ಕವೇ ಜೀವಾಳ. ಊರು ಕಾವೇರಿಯ ನಡುವಿನ ದ್ವೀಪ. ಮುಂಗಾರು ಶುರುವಾಗಿ ನದಿ ಏರಿದರೆ ಮುತ್ತಿಗೆ ಹಾಕಿದವರ ಕಥೆ ಮುಗೀತು. ಜನರಲ್ ಹ್ಯಾರಿಸ್‌ನ ಸೈನ್ಯದಲ್ಲಿ ಅಕ್ಕಿಯೂ ಮುಗಿಯುತ್ತಾ ಬಂದಿತ್ತು. 1799ರ ಮೇ 4, ಮಧ್ಯಾಹ್ನದ ಉರಿಬಿಸಿಲು. ಕೋಟೆಯ ವಾಯವ್ಯ ಮೂಲೆಯಲ್ಲಿ ಒಡೆದ ಗೋಡೆಯ ಕಡೆ ಬೇಸಿಗೆಯ ಕಲ್ಲುಬಂಡೆಯ ನದಿಯನ್ನ ದಾಟಿ ನುಗ್ಗಿದರು. ಸಂಜೆಯೊಳಗೆ ಟಿಪ್ಪು ಸುಲ್ತಾನ್ ಸತ್ತಿದ್ದ. ಟರ್ನರ್‌ನ ಹಾಳೆಯಲ್ಲಿರೋದು ಈ ಮುತ್ತಿಗೆ.

ಸುದ್ದಿ ಲಂಡನ್ ಮುಟ್ಟಿದ್ದೇ ತಡ, ಅಲ್ಲಿ ಶ್ರೀರಂಗಪಟ್ಟಣದ ಹುಚ್ಚು. 1800ರಲ್ಲಿ ಕೆರ್ ಪೋರ್ಟರ್ ಅನ್ನೋ ಇಪ್ಪತ್ತೆರಡರ ಹುಡುಗ 120 ಅಡಿ ಉದ್ದದ ಕ್ಯಾನ್ವಾಸ್ ಬರೆದ. ಜನ ಟಿಕೆಟ್ ತಗೊಂಡು ನೋಡಿದರು, ನಾವು ಥೇಟರಿಗೆ ಹೋದ ಹಾಗೆ. ಅವನೂ ಇಲ್ಲಿಗೆ ಬಂದಿರಲಿಲ್ಲ! ಆ ದೈತ್ಯ ಕ್ಯಾನ್ವಾಸ್ ಮುಂದೆ ಬೆಂಕಿಗೆ ಹೋಯಿತು. ಟರ್ನರ್‌ನ ಪುಟ್ಟ ಹಾಳೆ ಉಳೀತು.

4
ಈಗ ಒಡೆತನ. ಹೊಲಕ್ಕೆ ಉತಾರ ಇರ್ತದಲ್ಲ, ಯಾರಿಂದ ಯಾರಿಗೆ ಬಂತು ಅಂತ? ಚಿತ್ರಕ್ಕೂ ಹಾಗೇ ಇರ್ತದೆ, ಪ್ರಾವೆನನ್ಸ್ ಅಂತಾರೆ. ಟರ್ನರ್‌ನದು ವಿಚಿತ್ರ ಪ್ರಕರಣ. 1851ರಲ್ಲಿ ಅವನು ಸತ್ತಾಗ ಉಯಿಲಿನ ಮೇಲೆ ನೆಂಟರು ಕೋರ್ಟಿಗೆ ಹೋದರು. 1856ರಲ್ಲಿ ಇತ್ಯರ್ಥವಾಗಿ, ಮನೆಯಲ್ಲಿ ಉಳಿದಿದ್ದ ಚಿತ್ರಗಳೆಲ್ಲ ಬ್ರಿಟನ್ ದೇಶದ ಸೊತ್ತಾದವು. ಸಣ್ಣ ಸಂಖ್ಯೆ ಅಂದ್ಕೋಬ್ಯಾಡ್ರಿ, ಕಾಗದದ ಮೇಲಿನವೇ ಮೂವತ್ತು ಸಾವಿರದಷ್ಟು.

ಆದರೆ ಶ್ರೀರಂಗಪಟ್ಟಣದ ಹಾಳೆ ಆ ಗುಡ್ಡೆಯಲ್ಲಿ ಇಲ್ಲ. ಅದು ಬೇರೆ ಕೈಗಳಲ್ಲಿ ಸುತ್ತಿ, ಟೇಟ್ ಗ್ಯಾಲರಿ 1986ರಲ್ಲಿ ದುಡ್ಡು ಕೊಟ್ಟು ಕೊಂಡದ್ದು. ಇದನ್ನ ನೀವೇ ಪತ್ತೆ ಹಚ್ಚಬಹುದು: ಉಯಿಲಿನಿಂದ ಬಂದ ಹಾಳೆಗಳ ನಂಬರು ‘ಡಿ’ಯಿಂದ ಶುರು, ಇದರದ್ದು ‘ಟಿ’ಯಿಂದ. ಒಂದೇ ಅಕ್ಷರ, ಇಡೀ ದಾರಿಯನ್ನೇ ಹೇಳ್ತದೆ. (ನನಗೆ ಇಂಥವೇ ಇಷ್ಟ. ಚಿತ್ರಕ್ಕಿಂತ ಅದರ ಕೆಳಗಿನ ಸಣ್ಣ ಅಕ್ಷರ ಮೊದಲು ಓದ್ತೀನಿ.)

ಆ ಸಣ್ಣ ಅಕ್ಷರದಲ್ಲಿ ಟರ್ನರ್ ಇದ್ದಾನೆ, ಕೊಂಡವರು ಇದ್ದಾರೆ. ನದಿ ದಂಡೆಯಲ್ಲಿ ನಿಂತು ನೋಡಿದವನ ಕಣ್ಣಿಗೆ ಇಲ್ಲಿ ಎರಡನೇ ಸಾಲೂ ಸಿಕ್ಕಿಲ್ಲ. ಕೋಟೆ ಯಾರದಾಗಿತ್ತೋ ಅವರಂತೂ ಬರೀ ವಿಷಯ. ಇದು ಸರಿ ಅಂತ ನನಗನಿಸಲ್ಲ. ಆದರೂ ಚಿತ್ರ ವಾಪಸ್ ಕೊಡ್ರಿ ಅಂತ ಕೂಗೋದೂ ಇಲ್ಲಿ ಹೊಂದಲ್ಲ, ಯಾಕಂದ್ರ ಕಾಗದ, ಬಣ್ಣ, ಕೈ ಎಲ್ಲಾ ಅವರದೇ. ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆಯಲ್ಲ, ಅದು ಲೂಟಿ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬ್ಯಾಡ್ರಿ.

5
“ಅದೆಲ್ಲ ಮೈಸೂರು ಕಡೆ ಕಥೆ, ನಮಗೇನು?” ಅಂತ ಒಬ್ಬರಾದರೂ ಕೇಳ್ತೀರಿ, ಗೊತ್ತು.

ಆ ಮೇ 4ರಂದೇ ಶ್ರೀರಂಗಪಟ್ಟಣದ ಸೆರೆಯಿಂದ ಒಬ್ಬ ಹೊರಬಿದ್ದ. ಧೊಂಡಿಯಾ ವಾಘ್, ಚನ್ನಗಿರಿಯವ. ಓಡಿಬಂದು ಸೈನ್ಯ ಕಟ್ಟಿ, ಎರಡು ಲೋಕಗಳ ಒಡೆಯ ಅಂತ ಬಿರುದು ಇಟ್ಕೊಂಡು, ತುಂಗಭದ್ರೆಯಿಂದ ನಮ್ಮ ಮಲಪ್ರಭೆವರೆಗೂ ಕಂಪನಿಯವರಿಗೆ ನಿದ್ದೆ ಕೆಡಿಸಿದ. ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನನ್ನ ಸೋಲಿಸಿದವನೇ. 1800ರ ಜುಲೈ 30ರಂದು ಮುನವಳ್ಳಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಧೊಂಡಿಯಾನ ಬಿಡಾರದ ಮೇಲೆ ಬಿದ್ದ. ತುಂಬಿದ ಹೊಳೆ, ಬಹಳ ಜನ ನೀರುಪಾಲಾದರು. ಗೋಕಾಕದಿಂದ ಯರಗಟ್ಟಿ ದಾರಿ ಹಿಡಿದರೆ ಮುನವಳ್ಳಿ ಎಷ್ಟು ದೂರ ಹೇಳ್ರಿ? ಧೊಂಡಿಯಾ ಅವತ್ತು ಸಿಗಲಿಲ್ಲ. ಸತ್ತದ್ದು ಸೆಪ್ಟೆಂಬರ್ 10ರಂದು, ರಾಯಚೂರು ಕಡೆಯ ಕೋನಗಲ್‌ನಲ್ಲಿ. ಅವನ ಸಣ್ಣ ಮಗನನ್ನ ವೆಲ್ಲೆಸ್ಲಿಯೇ ಸಾಕಿದ.

ಅಂದ್ರ ಟರ್ನರ್ ಅಲ್ಲಿ ಕಾವೇರಿಗೆ ಬಣ್ಣ ಹಚ್ಚುತ್ತಿದ್ದ ಹೊತ್ತಿಗೆ ಅದೇ ಯುದ್ಧದ ಬಾಲ ಇಲ್ಲಿ ನಮ್ಮ ಹೊಳೆಗಳಲ್ಲಿ ಬಡಿದಾಡುತ್ತಿತ್ತು. ಅದನ್ನ ಯಾವ ಟರ್ನರ್ ಬರೆದ?

6
ಇನ್ನೊಂದು ಚಿತ್ರ ಹೇಳದೆ ಬಿಟ್ರೆ ಅನ್ಯಾಯ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧ ಇದೆ. ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನ ಸೋಲಿಸಿದ್ದು. ಬರೆದವರು ಇಲ್ಲಿಯ ಚಿತ್ರಗಾರರು, ಬರೆಸಿದವನು ಟಿಪ್ಪು. ಅವತ್ತು ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಒಬ್ಬ. ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದ ಅವನೇ 1799ರಲ್ಲಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳು.

ಈ ಗೋಡೆಚಿತ್ರಕ್ಕೆ ಒಮ್ಮೆ ಸುಣ್ಣ ಬಳಿದಿದ್ದರು. ಆ ಅರಮನೆಯಲ್ಲೇ ಉಳಿದುಕೊಂಡ ವೆಲ್ಲೆಸ್ಲಿ ಅದನ್ನ ಮತ್ತೆ ಬರೆಸಿದ, ತನ್ನವರು ಸೋತ ಚಿತ್ರವನ್ನ! 1850ರ ದಶಕದಲ್ಲಿ ಡಾಲ್‌ಹೌಸಿ ಇನ್ನೊಮ್ಮೆ ದುರಸ್ತಿ ಮಾಡಿಸಿದ. ಇದೇ ಯುದ್ಧದ ಕಾಗದದ ಮೇಲಿನ ಚಿತ್ರವೊಂದು ಮಾತ್ರ ಹೊರದೇಶಕ್ಕೆ ಹೋಯಿತು. 2022ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟ ಆಯಿತು.

ಜಲವರ್ಣಕ್ಕೆ ಬೆಳಕು ಆಗಲ್ಲ, ಮಾಸಿ ಹೋಗ್ತದೆ. ಅದಕ್ಕೇ ಟೇಟ್‌ನ ಇಂಥ ಹಾಳೆಗಳು ಹೆಚ್ಚಿನ ಕಾಲ ಕತ್ತಲಲ್ಲೇ ಇರ್ತವೆ, ನೋಡಬೇಕಂದ್ರ ಮೊದಲೇ ಕೇಳಿ ಹೋಗಬೇಕು. ದರಿಯಾ ದೌಲತ್‌ಗೆ ಹೋದ್ರ ಅಷ್ಟೆಲ್ಲ ಬೇಡ. ಜಗಲಿಯ ಹಸಿರು ಪರದೆ ದಾಟಿ ಒಳಗೆ ಹೋಗ್ರಿ, ಗೋಡೆ ಅಲ್ಲೇ ಇದೆ.