ಮೈಸೂರು ರೇಷ್ಮೆ ಮತ್ತು ಒಂದು ತಾಯಿ ಚಿಟ್ಟೆ

ಹೈದರಾಬಾದಿನ ಜೀಡಿಮೆಟ್ಲಾದಿಂದ ಮಾತಾಡ್ತಾ ಇದ್ದೀನಿ. ಇಲ್ಲಿಗೆ ಹತ್ತಿರದ ಪೋಚಂಪಲ್ಲಿಯಲ್ಲಿ ನೇಯುವ ರೇಷ್ಮೆ ಸೀರೆಗೆ ನಮ್ಮ ಬೆಂಗಳೂರಿನಿಂದಲೂ ನೂಲು ಬರುತ್ತೆ. ಆ ನೂಲಿನ ಇತಿಹಾಸವೇ ಇವತ್ತಿನ ವಿಷಯ.

ಮೊದಲು ಹುಳದ ಕಥೆ. ಮೊಟ್ಟೆಯಿಂದ ಹೊರಬಂದ ಮರಿ ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿನ್ನುತ್ತೆ. ನಡುವೆ 4 ಸಲ ಮೇವು ಬಿಟ್ಟು ಪೊರೆ ಕಳಚುತ್ತೆ. ಇದಕ್ಕೆ ನಮ್ಮ ರೈತರು ‘ಜ್ವರ’ ಅಂತಾರೆ. ಆಮೇಲೆ ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತೆ. ಒಳ್ಳೆ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತೆ. ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಆ ಎಳೆ ತುಂಡಾಗುತ್ತೆ. ಅದಕ್ಕೇ ಒಳಗಿರುವ ಕೋಶವನ್ನು ಬಿಸಿ ಹಬೆಯಲ್ಲಿ ಕೊಲ್ಲುತ್ತಾರೆ. ಆಮೇಲೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಹಲವು ಗೂಡುಗಳ ಎಳೆ ಸೇರಿಸಿ ನೂಲು ಬಿಚ್ಚುತ್ತಾರೆ.

ಆದರೆ ಎಲ್ಲಾ ಗೂಡನ್ನೂ ಬೇಯಿಸಿಬಿಟ್ಟರೆ ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ ಬರಬೇಕು? ಹಾಗಾಗಿ ಬಿತ್ತನೆ ಗೂಡಿನ ಚಿಟ್ಟೆಗಳನ್ನು ಬದುಕಲು ಬಿಡುತ್ತಾರೆ. ಒಂದು ಹೆಣ್ಣು ಚಿಟ್ಟೆ ನೂರಾರು ಮೊಟ್ಟೆ ಇಡುತ್ತೆ. ತೊಂದರೆ ಶುರುವಾಗೋದು ಇಲ್ಲೇ.

1786ರಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸುವ ಬಗ್ಗೆ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಪತ್ರ ಬರೆದಿದ್ದ. ಹೀಗೆ ಬೇರೂರಿದ ಕಸುಬು 19ನೇ ಶತಮಾನದ ಉತ್ತರಾರ್ಧದಲ್ಲಿ ರೋಗದಿಂದ ಕುಸಿಯಿತು. ಅದೇ ಕಾಲದಲ್ಲಿ ಫ್ರಾನ್ಸಿನಲ್ಲೂ ಹುಳುಗಳು ಸಾಯ್ತಾ ಇದ್ದವು. 1865ರಿಂದ ಅಲ್ಲಿ ಕೆಲಸ ಮಾಡಿದ ಲೂಯಿ ಪಾಶ್ಚರ್, ಪೆಬ್ರಿನ್ ರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತೆ ಅಂತ ತೋರಿಸಿದ. ನಮ್ಮಲ್ಲಿ ಇದನ್ನು ಗಂಟು ರೋಗ ಅಂತಾರೆ. ಪಾಶ್ಚರ್ ಹೇಳಿದ ದಾರಿ ಸರಳ: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ರೋಗಾಣು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಹಾಕಿ.

ನಮ್ಮಲ್ಲಿ 1890ರ ದಶಕದಲ್ಲಿ ಜಮ್ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀಯರ ನೆರವಿನಿಂದ ರೇಷ್ಮೆ ಫಾರ್ಮ್ ಮಾಡಿದರು. ‘ಟಾಟಾ ಸಿಲ್ಕ್ ಫಾರ್ಮ್’ ಅನ್ನೋ ಹೆಸರು ಬಸವನಗುಡಿ ಕಡೆ ಇವತ್ತಿಗೂ ಇದೆ. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞರನ್ನು ಕರೆಸಿ ಚನ್ನಪಟ್ಟಣದಲ್ಲಿ ಫಾರ್ಮ್ ತೆರೆಯಿತು. ಇವತ್ತು ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆಯ ಪರೀಕ್ಷೆ ಆದಮೇಲೇ ‘ರೋಗರಹಿತ ಮೊಟ್ಟೆ’ ರೈತರ ಕೈಗೆ ಹೋಗೋದು.

ನಾನು ಸಾಫ್ಟ್‌ವೇರ್‌ನವನು. ಟೆಸ್ಟ್ ಮಾಡದೆ ರಿಲೀಸ್ ಮಾಡಿದರೆ ನಮಗೆ ಒಂದು ರಾತ್ರಿ ನಿದ್ದೆ ಹೋಗುತ್ತೆ ಅಷ್ಟೇ. ರಾಮನಗರದ ರೈತನಿಗೆ ಹಾಗಲ್ಲ. ತಿಂಗಳಿಡೀ ಹಗಲು ರಾತ್ರಿ ಸೊಪ್ಪು ಹಾಕಿದ ಹುಳು ಚಂದ್ರಿಕೆ ಹತ್ತುವ ಮೊದಲೇ ಸತ್ತರೆ ಸೊಪ್ಪು, ಕೂಲಿ, ಸಾಲ ಮೂರೂ ಅವನ ತಲೆ ಮೇಲೇ.

ಮುಂದಿನ ಸಲ ಮನೆಯ ರೇಷ್ಮೆ ಸೀರೆ ಮುಟ್ಟಿದಾಗ ಕಾಣದ ಆ ತಾಯಿ ಚಿಟ್ಟೆಯನ್ನೂ ಒಮ್ಮೆ ನೆನೆಸಿಕೊಳ್ಳಿ. ಮತ್ತೆ ಸಿಗೋಣ.